ಸಕ್ರಿಯ ಮತ್ತು ನಿಷ್ಕ್ರಿಯ ಸ್ಪೀಕರ್‌ಗಳು

ಸಕ್ರಿಯ ಸ್ಪೀಕರ್ ಮತ್ತು ನಿಷ್ಕ್ರಿಯ ಸ್ಪೀಕರ್ ಎಂಬುವು ವಿದ್ಯುತ್ ಸಂಕೇತವನ್ನು ಶಬ್ದವಾಗಿ ಪರಿವರ್ತಿಸುವ ಸಾಧನದ ಎರಡು ಮುಖ್ಯ ವಿಧಗಳು. ಶಬ್ದಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್ ಸ್ಪೀಕರಿನ ಪೆಟ್ಟಿಗೆಯೊಳಗೇ ಇದ್ದರೆ ಅದನ್ನು ಸಕ್ರಿಯ ಎಂದೂ, ಆಂಪ್ಲಿಫೈಯರ್ ಹೊರಗೆ ಪ್ರತ್ಯೇಕವಾಗಿದ್ದು ತಂತಿಯ ಮೂಲಕ ಶಕ್ತಿಯನ್ನು ಒದಗಿಸುತ್ತಿದ್ದರೆ ನಿಷ್ಕ್ರಿಯ ಎಂದೂ ಸಾಮಾನ್ಯವಾಗಿ ಕರೆಯಲಾಗುತ್ತದೆ. ಮನೆಯಲ್ಲಿ ಸಂಗೀತ, ಪ್ರವಚನ, ರೇಡಿಯೊ ಅಥವಾ ದೂರದರ್ಶನದ ಧ್ವನಿಯನ್ನು ಕೇಳಲು ಇವೆರಡರಲ್ಲಿ ಯಾವುದು ತಕ್ಕದ್ದು ಎಂಬುದು ಕೋಣೆಯ ಗಾತ್ರ, ವಿದ್ಯುತ್ ಪೂರೈಕೆಯ ಸ್ಥಿತಿ, ದುರಸ್ತಿಯ ಸೌಲಭ್ಯ, ತಂತಿಯ ದೂರ ಮತ್ತು ಕೇಳುವ ವಿಷಯವನ್ನು ಅವಲಂಬಿಸಿದೆ. ಈ ಲೇಖನವು ಎರಡೂ ವಿಧಗಳ ರಚನೆಯನ್ನು ವಿವರಿಸುವುದರ ಜೊತೆಗೆ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಮನೆಗಳ ಸಂದರ್ಭದಲ್ಲಿ ಆಯ್ಕೆಯ ಮಾನದಂಡಗಳನ್ನು ಪರಿಶೀಲಿಸುತ್ತದೆ.

ಪದಗಳ ಬಳಕೆ

ಕನ್ನಡದಲ್ಲಿ ‘ಧ್ವನಿವರ್ಧಕ’ ಎಂಬ ಪದವು ಆಂಪ್ಲಿಫೈಯರ್, ಸ್ಪೀಕರ್ ಮತ್ತು ಇವೆರಡೂ ಸೇರಿದ ಸಮಗ್ರ ವ್ಯವಸ್ಥೆ ಈ ಮೂರಕ್ಕೂ ಬಳಕೆಯಲ್ಲಿದೆ. ಗೊಂದಲವನ್ನು ತಪ್ಪಿಸಲು ಇಲ್ಲಿ ಸಂಕೇತವನ್ನು ಬಲಪಡಿಸುವ ಸಾಧನಕ್ಕೆ ಆಂಪ್ಲಿಫೈಯರ್ ಎಂದೂ, ಗಾಳಿಯನ್ನು ಕಂಪಿಸಿ ಶಬ್ದವನ್ನು ಉಂಟುಮಾಡುವ ಪೆಟ್ಟಿಗೆಗೆ ಸ್ಪೀಕರ್ ಎಂದೂ, ಆ ಪೆಟ್ಟಿಗೆಯೊಳಗಿನ ಪ್ರತಿಯೊಂದು ಕಂಪಕ ಘಟಕಕ್ಕೆ ಡ್ರೈವರ್ ಎಂದೂ ಬಳಸಲಾಗಿದೆ. ತಗ್ಗು ಸ್ವರಗಳನ್ನು ನುಡಿಸುವ ದೊಡ್ಡ ಡ್ರೈವರ್‌ಗೆ ವೂಫರ್ ಎಂದೂ, ಎತ್ತರದ ಸ್ವರಗಳನ್ನು ನುಡಿಸುವ ಚಿಕ್ಕ ಡ್ರೈವರ್‌ಗೆ ಟ್ವೀಟರ್ ಎಂದೂ ಹೆಸರು. ಸಂಕೇತವನ್ನು ಕಂಪನಾಂಕಕ್ಕೆ ಅನುಗುಣವಾಗಿ ವಿಂಗಡಿಸಿ ಆಯಾ ಡ್ರೈವರ್‌ಗೆ ಕಳುಹಿಸುವ ಮಂಡಲವು ಕ್ರಾಸ್‌ಓವರ್.

ಕಟ್ಟುನಿಟ್ಟಾದ ಅರ್ಥದಲ್ಲಿ ‘ಸಕ್ರಿಯ’ ಎಂಬುದು ಕ್ರಾಸ್‌ಓವರಿಗೆ ಸಂಬಂಧಿಸಿದ ಪದ. ಆಂಪ್ಲಿಫೈಯರಿಗಿಂತ ಮೊದಲೇ, ಸಂಕೇತವು ಇನ್ನೂ ದುರ್ಬಲವಾಗಿರುವಾಗಲೇ ವಿಂಗಡಣೆ ನಡೆದು, ಪ್ರತಿ ಡ್ರೈವರ್‌ಗೂ ಬೇರೆಬೇರೆ ಆಂಪ್ಲಿಫೈಯರ್ ಇದ್ದರೆ ಮಾತ್ರ ಅದು ನಿಜವಾದ ಸಕ್ರಿಯ ಸ್ಪೀಕರ್. ಪೆಟ್ಟಿಗೆಯೊಳಗೆ ಒಂದೇ ಆಂಪ್ಲಿಫೈಯರ್ ಇದ್ದು, ಅದರ ನಂತರ ಸಾಮಾನ್ಯ ನಿಷ್ಕ್ರಿಯ ಕ್ರಾಸ್‌ಓವರ್ ಇರುವಂಥದ್ದಕ್ಕೆ ‘ಪವರ್ಡ್ ಸ್ಪೀಕರ್’ ಎಂಬ ಹೆಸರಿದೆ. ಮಾರುಕಟ್ಟೆಯಲ್ಲಿ ಇವೆರಡನ್ನೂ ಸಕ್ರಿಯ ಎಂದೇ ಮಾರಲಾಗುತ್ತದೆ.

ಇತಿಹಾಸ

ಇಂದು ಬಳಕೆಯಲ್ಲಿರುವ ಚಲಿಸುವ ಸುರುಳಿಯ ಡ್ರೈವರಿನ ಆಧುನಿಕ ರೂಪವನ್ನು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದರು. ಇದರ ಆಧಾರದ ಮೇಲೆ 1926ರಲ್ಲಿ ಮಾರಾಟಕ್ಕೆ ಬಂದ ರೇಡಿಯೋಲಾ 104 ಎಂಬ ಸ್ಪೀಕರಿನ ಪೆಟ್ಟಿಗೆಯೊಳಗೆ ಆಂಪ್ಲಿಫೈಯರ್ ಕೂಡ ಇತ್ತು. ಹೀಗಾಗಿ ಆಂಪ್ಲಿಫೈಯರನ್ನು ಒಳಗೊಂಡ ಸ್ಪೀಕರ್ ಇತ್ತೀಚಿನ ಕಲ್ಪನೆಯಲ್ಲ. ಅದು ಗೃಹಬಳಕೆಯ ಸ್ಪೀಕರಿನ ಆರಂಭದಿಂದಲೂ ಇದೆ. ಒಂದೇ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಅಡಕಗೊಳಿಸಿದ ಕವಾಟದ ರೇಡಿಯೊ ಕೂಡ ಇದೇ ತತ್ತ್ವದ್ದು. 1950ರ ಜನವರಿಯಲ್ಲಿ ಆಕಾಶವಾಣಿಯ ಧಾರವಾಡ ಕೇಂದ್ರ ಆರಂಭವಾದ ನಂತರ ಉತ್ತರ ಕರ್ನಾಟಕದ ಕೇಳುಗರಿಗೆ ಕನ್ನಡದ ಪ್ರಸಾರಗಳು ತಲುಪಿದ್ದು ಇಂತಹ ರೇಡಿಯೊಗಳ ಮೂಲಕ.

ಸ್ಟೀರಿಯೊ ಧ್ವನಿಮುದ್ರಣ ಜನಪ್ರಿಯವಾದಂತೆ ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳನ್ನು ಬೇರೆಬೇರೆಯಾಗಿ ಕೊಳ್ಳುವ ಪದ್ಧತಿ ಬೆಳೆಯಿತು. ಪೆಟ್ಟಿಗೆಯ ಗಾತ್ರ ಮತ್ತು ಡ್ರೈವರಿನ ಗುಣಗಳ ನಡುವಿನ ಸಂಬಂಧವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿಯೂ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ಗಣಿತದ ರೂಪದಲ್ಲಿ ಮಂಡಿಸಿದರು. 1976ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಸಕ್ರಿಯ ಕ್ರಾಸ್‌ಓವರಿನ ವಿನ್ಯಾಸವನ್ನು ವಿವರಿಸಿದರು. ಇದು ಅವರ ಸಹೋದ್ಯೋಗಿ ರಸ್ ರೈಲಿಯವರ ಹೆಸರನ್ನೂ ಸೇರಿಸಿಕೊಂಡು ಲಿಂಕ್‌ವಿಟ್ಜ್–ರೈಲಿ ಕ್ರಾಸ್‌ಓವರ್ ಎಂದು ಪ್ರಸಿದ್ಧವಾಯಿತು. 1978ರಲ್ಲಿ ಸ್ಥಾಪಿತವಾದ ಫಿನ್‌ಲೆಂಡಿನ ಜೆನೆಲೆಕ್ ಸಂಸ್ಥೆಯು ಪ್ರಸಾರ ಕೇಂದ್ರಗಳಿಗಾಗಿ ಸಕ್ರಿಯ ಸ್ಪೀಕರ್‌ಗಳನ್ನು ತಯಾರಿಸಿತು. ಭಾರತದಲ್ಲಿ ಕೋಲ್ಕತ್ತದ ಸೋನೊಡೈನ್ ಸಂಸ್ಥೆಯು ಎರಡೂ ಬಗೆಯ ಸ್ಪೀಕರ್‌ಗಳನ್ನು ತಯಾರಿಸಿದೆ. ಕಡಿಮೆ ಬಿಸಿಯಾಗುವ ಡಿ ವರ್ಗದ ಆಂಪ್ಲಿಫೈಯರ್ ಬಿಲ್ಲೆಗಳು ಅಗ್ಗವಾದ ಮೇಲೆ ಸಕ್ರಿಯ ಸ್ಪೀಕರ್‌ಗಳು ಧ್ವನಿಮುದ್ರಣ ಮಂದಿರಗಳಿಂದ ಮನೆಗಳಿಗೆ ವ್ಯಾಪಕವಾಗಿ ಬಂದವು.

ರಚನೆ ಮತ್ತು ಕಾರ್ಯವಿಧಾನ

ನಿಷ್ಕ್ರಿಯ ಸ್ಪೀಕರ್

ನಿಷ್ಕ್ರಿಯ ಸ್ಪೀಕರಿಗೆ ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಬೇಕಾಗುವುದಿಲ್ಲ. ಆಂಪ್ಲಿಫೈಯರಿನಿಂದ ಬರುವ ಬಲಯುತ ಸಂಕೇತವೇ ಅದರ ಏಕೈಕ ಶಕ್ತಿಮೂಲ. ಈ ಸಂಕೇತವನ್ನು ಸುರುಳಿ, ಕೆಪಾಸಿಟರ್ ಮತ್ತು ರೋಧಕಗಳಿಂದಾದ ಕ್ರಾಸ್‌ಓವರ್ ವಿಂಗಡಿಸುತ್ತದೆ. ಅತ್ಯಂತ ಸರಳ ಉದಾಹರಣೆಯಾಗಿ, 8 ಓಮ್‌ನ ಟ್ವೀಟರಿಗೆ 3000 ಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನು ಮಾತ್ರ ಕಳುಹಿಸಲು ಸುಮಾರು 6.6 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರನ್ನು ಸರಣಿಯಲ್ಲಿ ಜೋಡಿಸಲಾಗುತ್ತದೆ. ಅದೇ ಕಂಪನಾಂಕಕ್ಕಿಂತ ಕೆಳಗಿನದನ್ನು 8 ಓಮ್‌ನ ವೂಫರಿಗೆ ಕಳುಹಿಸಲು ಸುಮಾರು 0.42 ಮಿಲಿಹೆನ್ರಿಯ ಸುರುಳಿ ಬೇಕು. ಇಂತಹ ಒಂದೇ ಘಟಕದ ಸೋಸುಕದಲ್ಲಿ ಪ್ರತಿ ಆಕ್ಟೇವ್‌ಗೆ 6 ಡೆಸಿಬೆಲ್‌ನಷ್ಟು ಮಾತ್ರ ಇಳಿಕೆಯಾಗುತ್ತದೆ. ಇನ್ನೂ ಕಡಿದಾದ ವಿಂಗಡಣೆ ಬೇಕಾದರೆ ಹೆಚ್ಚು ಘಟಕಗಳು ಬೇಕು.

ಈ ಲೆಕ್ಕಾಚಾರವು ಡ್ರೈವರಿನ ಪ್ರತಿಬಾಧೆ ಸ್ಥಿರವಾಗಿದೆ ಎಂಬ ಊಹೆಯನ್ನು ಆಧರಿಸಿದೆ. ವಾಸ್ತವದಲ್ಲಿ ಪ್ರತಿಬಾಧೆಯು ಕಂಪನಾಂಕದೊಂದಿಗೆ ಬದಲಾಗುತ್ತದೆ. ಸುರುಳಿ ಕಾಯ್ದಂತೆಯೂ ಬದಲಾಗುತ್ತದೆ. ತಾಮ್ರದ ರೋಧವು ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಶೇ. 0.39ರಷ್ಟು ಹೆಚ್ಚುವುದರಿಂದ, ದೀರ್ಘಕಾಲ ಜೋರಾಗಿ ನುಡಿಸಿ ಸುರುಳಿಯ ಉಷ್ಣತೆ 100 ಡಿಗ್ರಿಯಷ್ಟು ಏರಿದರೆ ರೋಧವು ಸುಮಾರು ಶೇ. 39ರಷ್ಟು ಹೆಚ್ಚುತ್ತದೆ. ಆಗ ಶಬ್ದದ ಮಟ್ಟ ಗರಿಷ್ಠ 3 ಡೆಸಿಬೆಲ್‌ನಷ್ಟು ಕುಗ್ಗಬಹುದು. ನಿಷ್ಕ್ರಿಯ ಕ್ರಾಸ್‌ಓವರಿನಲ್ಲಿ ವಿಂಗಡಣೆಯ ಬಿಂದುವೂ ಇದರೊಡನೆ ಸ್ವಲ್ಪ ಸರಿಯುತ್ತದೆ. ಉತ್ತಮ ತಯಾರಕರು ಈ ಎಲ್ಲವನ್ನೂ ಅಳೆದು ಪರಿಹಾರ ಘಟಕಗಳನ್ನು ಸೇರಿಸುತ್ತಾರೆ; ಅಗ್ಗದ ಪೆಟ್ಟಿಗೆಗಳಲ್ಲಿ ಒಂದೇ ಕೆಪಾಸಿಟರ್ ಇರುವುದು ಸಾಮಾನ್ಯ.

ಸಕ್ರಿಯ ಸ್ಪೀಕರ್

ಸಕ್ರಿಯ ಸ್ಪೀಕರಿನಲ್ಲಿ ವಿಂಗಡಣೆಯು ಒಂದೆರಡು ವೋಲ್ಟ್‌ಗಳ ದುರ್ಬಲ ಸಂಕೇತದ ಮಟ್ಟದಲ್ಲಿಯೇ ನಡೆಯುತ್ತದೆ. ಅನಂತರ ವೂಫರಿಗೊಂದು, ಟ್ವೀಟರಿಗೊಂದು ಆಂಪ್ಲಿಫೈಯರ್ ನೇರವಾಗಿ ಜೋಡಣೆಯಾಗಿರುತ್ತದೆ. ಇದರಿಂದ ಡ್ರೈವರಿನ ಪ್ರತಿಬಾಧೆ ಬದಲಾದರೂ ವಿಂಗಡಣೆಯ ಬಿಂದು ಸರಿಯುವುದಿಲ್ಲ. ಲಿಂಕ್‌ವಿಟ್ಜ್–ರೈಲಿ ಮಾದರಿಯಂತೆ ಪ್ರತಿ ಆಕ್ಟೇವ್‌ಗೆ 24 ಡೆಸಿಬೆಲ್ ಇಳಿಕೆಯ ಕಡಿದಾದ ವಿಂಗಡಣೆಯನ್ನು ಚಿಕ್ಕ, ಅಗ್ಗದ ಘಟಕಗಳಿಂದಲೇ ಸಾಧಿಸಬಹುದು. ಟ್ವೀಟರ್ ಮತ್ತು ವೂಫರುಗಳ ಮಟ್ಟವನ್ನು ಕಾರ್ಖಾನೆಯಲ್ಲಿಯೇ ಹೊಂದಿಸಬಹುದು. ಡಿಜಿಟಲ್ ಸಂಸ್ಕರಣೆ ಇರುವ ಮಾದರಿಗಳಲ್ಲಿ ವಿಳಂಬವನ್ನೂ ಸ್ವರಸಮತೋಲನವನ್ನೂ ಸರಿಪಡಿಸಲು ಸಾಧ್ಯ. ಡ್ರೈವರ್ ತಾಳಬಲ್ಲ ಮಿತಿ ತಯಾರಕರಿಗೆ ಗೊತ್ತಿರುವುದರಿಂದ ಅತಿಯಾದ ಸಂಕೇತವನ್ನು ತಡೆಯುವ ರಕ್ಷಣಾ ಮಂಡಲವನ್ನೂ ಸೇರಿಸಲಾಗುತ್ತದೆ.

ಆದರೆ ಸಕ್ರಿಯ ವಿನ್ಯಾಸವು ಸುರುಳಿಯ ಉಷ್ಣದಿಂದಾಗುವ ಕುಗ್ಗುವಿಕೆಯನ್ನು ತಾನಾಗಿಯೇ ಇಲ್ಲವಾಗಿಸುವುದಿಲ್ಲ. ಅದಕ್ಕೆ ಪ್ರತ್ಯೇಕ ಪರಿಹಾರ ಬೇಕು. ಕಳಪೆ ಡ್ರೈವರ್ ಅಥವಾ ತೆಳುವಾದ ಪೆಟ್ಟಿಗೆಯ ದೋಷವನ್ನೂ ಅದು ಮುಚ್ಚಲಾರದು.

ಮಿಶ್ರ ವಿಧಗಳು

ಮನೆಬಳಕೆಯ ಅನೇಕ ಜೋಡಿ ಸ್ಪೀಕರ್‌ಗಳಲ್ಲಿ ಒಂದು ಪೆಟ್ಟಿಗೆಯಲ್ಲಿ ಮಾತ್ರ ಎರಡಕ್ಕೂ ಬೇಕಾದ ಆಂಪ್ಲಿಫೈಯರ್ ಇರುತ್ತದೆ. ಇನ್ನೊಂದು ಪೆಟ್ಟಿಗೆ ನಿಷ್ಕ್ರಿಯವಾಗಿದ್ದು ತಂತಿಯಿಂದ ಮೊದಲನೆಯದಕ್ಕೆ ಜೋಡಿಸಲ್ಪಡುತ್ತದೆ. ಇದಕ್ಕೆ ಒಂದೇ ಪ್ಲಗ್ ಸಾಕು. ‘ಹೋಮ್ ಥಿಯೇಟರ್’ ಹೆಸರಿನ ಅಗ್ಗದ ಜೋಡಣೆಗಳಲ್ಲಿ ಸಬ್‌ವೂಫರಿನ ಪೆಟ್ಟಿಗೆಯೊಳಗೆ ಎಲ್ಲ ಆಂಪ್ಲಿಫೈಯರ್‌ಗಳೂ ಇದ್ದು, ಸುತ್ತಲಿನ ಚಿಕ್ಕ ಪೆಟ್ಟಿಗೆಗಳು ನಿಷ್ಕ್ರಿಯವಾಗಿರುತ್ತವೆ. ಸೌಂಡ್‌ಬಾರ್ ಕೂಡ ಆಂಪ್ಲಿಫೈಯರನ್ನು ಒಳಗೊಂಡ ಸ್ಪೀಕರಿನ ಒಂದು ರೂಪವೇ.

ಶಕ್ತಿ, ಸಂವೇದನೆ ಮತ್ತು ದೂರ

ಸ್ಪೀಕರ್ ಕೊಳ್ಳುವಾಗ ಹೆಚ್ಚು ಗಮನ ಸೆಳೆಯುವುದು ವ್ಯಾಟ್‌ಗಳ ಅಂಕಿ. ಆದರೆ ಶಬ್ದದ ಮಟ್ಟವನ್ನು ನಿರ್ಧರಿಸುವುದು ಶಕ್ತಿ ಒಂದೇ ಅಲ್ಲ. 1 ವ್ಯಾಟ್ ಶಕ್ತಿ ನೀಡಿದಾಗ 1 ಮೀಟರ್ ದೂರದಲ್ಲಿ ಉಂಟಾಗುವ ಶಬ್ದದ ಮಟ್ಟವನ್ನು ಸಂವೇದನೆ ಎನ್ನುತ್ತಾರೆ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಮಟ್ಟವು 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಶಬ್ದವು ಇಮ್ಮಡಿಯಾದಂತೆ ತೋರಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತರಷ್ಟು ಶಕ್ತಿ ಬೇಕು. ತೆರೆದ ಬಯಲಿನಲ್ಲಿ ದೂರವು ಇಮ್ಮಡಿಯಾದಾಗ ಮಟ್ಟವು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳ ಪ್ರತಿಫಲನದಿಂದ ಈ ಇಳಿಕೆ ಕಡಿಮೆ.

ಒಂದು ಉದಾಹರಣೆಯನ್ನು ಗಮನಿಸಬಹುದು. 86 ಡೆಸಿಬೆಲ್ ಸಂವೇದನೆಯ ಎರಡು ಸ್ಪೀಕರ್‌ಗಳಿಂದ 3 ಮೀಟರ್ ದೂರದಲ್ಲಿ ಕುಳಿತು ಕೇಳುವಾಗ, ಪ್ರತಿಯೊಂದಕ್ಕೂ 1 ವ್ಯಾಟ್ ನೀಡಿದರೆ, ಕೋಣೆಯ ಪ್ರತಿಫಲನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೂ ಸುಮಾರು 79 ಡೆಸಿಬೆಲ್ ದೊರೆಯುತ್ತದೆ. ಪ್ರವಚನ ಅಥವಾ ವಾರ್ತೆಯನ್ನು ನೆಮ್ಮದಿಯಿಂದ ಕೇಳಲು 65ರಿಂದ 70 ಡೆಸಿಬೆಲ್ ಸಾಕು. ಇದಕ್ಕೆ ಪ್ರತಿ ಸ್ಪೀಕರಿಗೆ ಬೇಕಾಗುವುದು ಒಂದು ವ್ಯಾಟಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಸಂಗೀತದ ಕ್ಷಣಿಕ ಏರುಗಳು 95 ಡೆಸಿಬೆಲ್ ಮುಟ್ಟಬೇಕಾದರೂ ಪ್ರತಿ ಸ್ಪೀಕರಿಗೆ ಸುಮಾರು 35ರಿಂದ 40 ವ್ಯಾಟ್ ಸಾಕಾಗುತ್ತದೆ. ಪೆಟ್ಟಿಗೆಯ ಮೇಲೆ ‘ಪಿಎಂಪಿಒ’ ಎಂಬ ಹೆಸರಿನಲ್ಲಿ ಮುದ್ರಿಸುವ ಸಾವಿರಾರು ವ್ಯಾಟ್‌ಗಳ ಅಂಕಿಗೆ ಅಳತೆಯ ಯಾವ ನಿಶ್ಚಿತ ಮಾನದಂಡವೂ ಇಲ್ಲ. ಹೋಲಿಕೆಗೆ ಉಪಯುಕ್ತವಾದುದು ನಿರಂತರ ಅಥವಾ ‘ಆರ್‌ಎಂಎಸ್’ ಶಕ್ತಿಯ ಅಂಕಿ.

ವಿಜಯಪುರ ಜಿಲ್ಲೆಯ ಸಂದರ್ಭ

ವಿಜಯಪುರ ಜಿಲ್ಲೆಯು ಉತ್ತರದಲ್ಲಿ ಭೀಮಾ ಮತ್ತು ದಕ್ಷಿಣದಲ್ಲಿ ಕೃಷ್ಣಾ ನದಿಗಳ ನಡುವೆ ಹರಡಿದ, ಕಡಿಮೆ ಮಳೆಯ ಬಯಲುಸೀಮೆ. ಇಂಡಿ ಮತ್ತು ಸಿಂದಗಿ ಭೀಮಾ ನದಿಯ ಕಡೆಗೂ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಕೃಷ್ಣಾ ನದಿಯ ಕಡೆಗೂ ಇವೆ. ಇಲ್ಲಿನ ಮನೆಗಳ ರಚನೆ, ಬೇಸಿಗೆಯ ಬಿಸಿ, ಎರೆಮಣ್ಣಿನ ಧೂಳು ಮತ್ತು ಕೇಳುವ ಅಭಿರುಚಿ ಇವೆಲ್ಲವೂ ಸ್ಪೀಕರಿನ ಆಯ್ಕೆಯ ಮೇಲೆ ಪರಿಣಾಮ ಬೀರುತ್ತವೆ.

ಕೇಳುವ ವಿಷಯ

ಈ ಪ್ರದೇಶವು ಮಾತು ಮತ್ತು ಹಾಡಿನ ಸಮೃದ್ಧ ಮೌಖಿಕ ಪರಂಪರೆಯನ್ನು ಹೊಂದಿದೆ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಮಧುರಚೆನ್ನ ಮತ್ತು ಅವರ ಸಂಗಡಿಗರಾದ ಹಲಸಂಗಿ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿ ‘ಗರತಿಯ ಹಾಡು’ ಎಂಬ ಸಂಕಲನವನ್ನು 1931ರಲ್ಲಿ ಹೊರತಂದರು. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳವಾದುದರಿಂದ ವಚನಗಾಯನಕ್ಕೂ ಇಲ್ಲಿ ವಿಶೇಷ ಸ್ಥಾನವಿದೆ. ಭಜನೆ, ತತ್ತ್ವಪದ, ಗೀಗೀಪದ, ಮೊಹರಂ ಪದಗಳು ಹಾಗೂ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳ ಧ್ವನಿಮುದ್ರಣಗಳು ಈ ಭಾಗದ ಕೇಳುಗರಿಗೆ ಆಪ್ತವಾದವು.

ಇವೆಲ್ಲವುಗಳ ಕೇಂದ್ರದಲ್ಲಿ ಇರುವುದು ಮನುಷ್ಯನ ಕಂಠ. ಪುರುಷರ ಮಾತಿನ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಸ್, ಮಹಿಳೆಯರದು ಸುಮಾರು 165ರಿಂದ 255 ಹರ್ಟ್ಸ್ ವ್ಯಾಪ್ತಿಯಲ್ಲಿದ್ದರೂ, ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ 1000ರಿಂದ 4000 ಹರ್ಟ್ಸ್ ನಡುವಣ ಸ್ವರಗಳನ್ನು ಅವಲಂಬಿಸಿದೆ. ಎರಡು ಡ್ರೈವರ್‌ಗಳ ಸ್ಪೀಕರಿನಲ್ಲಿ ವಿಂಗಡಣೆಯ ಬಿಂದು ಸಾಮಾನ್ಯವಾಗಿ 2000ರಿಂದ 3000 ಹರ್ಟ್ಸ್ ಸುತ್ತಮುತ್ತ, ಅಂದರೆ ಇದೇ ವ್ಯಾಪ್ತಿಯ ನಡುವೆ ಬೀಳುತ್ತದೆ. ಆದ್ದರಿಂದ ಮಾತು ಮತ್ತು ಹಾಡಿಗೆ ದೊಡ್ಡ ಸಬ್‌ವೂಫರಿಗಿಂತ ಸರಿಯಾದ ಕ್ರಾಸ್‌ಓವರ್ ಮುಖ್ಯ. ಸಮಾನ ಬೆಲೆಯಲ್ಲಿ ನಿಜವಾದ ಸಕ್ರಿಯ ಸ್ಪೀಕರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಡೊಳ್ಳು, ಹಲಗೆಗಳಂತಹ ವಾದ್ಯಗಳ ತಗ್ಗು ಸ್ವರಗಳಿಗೆ ಮಾತ್ರ ದೊಡ್ಡ ವೂಫರ್ ಅಥವಾ ಸಬ್‌ವೂಫರ್ ಬೇಕಾಗುತ್ತದೆ.

ಕೋಣೆಯ ಪ್ರತಿಧ್ವನಿ

ಕಲ್ಲಿನ ಗೋಡೆಯ ಹಳೆಯ ಮಾಳಿಗೆ ಮನೆಗಳಲ್ಲಿಯೂ, ಕಾಂಕ್ರೀಟ್ ಛಾವಣಿಯ ಹೊಸ ಮನೆಗಳಲ್ಲಿಯೂ ಗಟ್ಟಿ ಮೇಲ್ಮೈಗಳು ಹೆಚ್ಚು. ನೆಲಕ್ಕೆ ಸುಣ್ಣಕಲ್ಲಿನ ಚಪ್ಪಡಿ ಅಥವಾ ಟೈಲ್ಸ್ ಹಾಸಿರುತ್ತದೆ. ಇಂತಹ ಮೇಲ್ಮೈಗಳು ಶಬ್ದವನ್ನು ಹೀರದೆ ಹಿಂದಕ್ಕೆ ಕಳುಹಿಸುವುದರಿಂದ ಮಾತು ಅಸ್ಪಷ್ಟವಾಗುತ್ತದೆ. ಕೋಣೆಯ ಗಾತ್ರವನ್ನು ಘನಮೀಟರುಗಳಲ್ಲಿ 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಶಬ್ದವು 60 ಡೆಸಿಬೆಲ್ ಇಳಿಯಲು ಹಿಡಿಯುವ ಸೆಕೆಂಡುಗಳು ದೊರೆಯುತ್ತವೆ. ಇದು ವಾಲೆಸ್ ಸೇಬಿನ್ ಅವರ ಸೂತ್ರ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಪಡಸಾಲೆಯ ಗಾತ್ರ 60 ಘನಮೀಟರ್, ಮೇಲ್ಮೈ 94 ಚದರ ಮೀಟರ್. ಎಲ್ಲ ಮೇಲ್ಮೈಗಳೂ ಶಬ್ದದ ಶೇ. 5ರಷ್ಟನ್ನು ಮಾತ್ರ ಹೀರುತ್ತವೆ ಎಂದುಕೊಂಡರೆ ಈ ಅವಧಿಯು ಸುಮಾರು 2 ಸೆಕೆಂಡ್ ಆಗುತ್ತದೆ. ಮಾತಿಗೆ ಇದು ಅತಿ ದೀರ್ಘ. ಜಮಖಾನ, ದಪ್ಪ ಪರದೆ, ಗೋಡೆಗೆ ತೂಗುಹಾಕಿದ ಕೌದಿ, ಗಾದಿ ಮತ್ತು ಕುಳಿತ ಜನರಿಂದ 8 ಚದರ ಮೀಟರಿನಷ್ಟು ಹೀರಿಕೆ ಸೇರಿದರೆ ಅದು ಸುಮಾರು 0.75 ಸೆಕೆಂಡಿಗೆ ಇಳಿಯುತ್ತದೆ.

ಈ ವ್ಯತ್ಯಾಸವು ಸಕ್ರಿಯ ಮತ್ತು ನಿಷ್ಕ್ರಿಯ ವಿಧಗಳ ನಡುವಣ ವ್ಯತ್ಯಾಸಕ್ಕಿಂತ ದೊಡ್ಡದು. ಬರಿಗೋಡೆಯ ಕೋಣೆಯಲ್ಲಿ ದುಬಾರಿ ಸ್ಪೀಕರ್ ಇಡುವುದಕ್ಕಿಂತ, ಸಾಧಾರಣ ಸ್ಪೀಕರನ್ನು ಹಾಸು ಹೊದಿಕೆಗಳಿರುವ ಕೋಣೆಯಲ್ಲಿ ಇಟ್ಟು ಕೇಳುವುದು ಉತ್ತಮ ಫಲ ನೀಡುತ್ತದೆ. ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕೆ ಬರಬೇಕು. ನೆಲದ ಮೇಲೆ ಕುಳಿತು ಕೇಳುವ ಮನೆಯಲ್ಲಿ ಸ್ಪೀಕರನ್ನೂ ತಗ್ಗಿನಲ್ಲಿ ಅಥವಾ ಕೆಳಮುಖವಾಗಿ ಓರೆಯಾಗಿಸಿ ಇಡಬೇಕು.

ವಿದ್ಯುತ್ ಪೂರೈಕೆ

ಜಿಲ್ಲೆಗೆ ವಿದ್ಯುತ್ ವಿತರಿಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ಆಲಮಟ್ಟಿಯ ಜಲವಿದ್ಯುತ್ ಕೇಂದ್ರ ಮತ್ತು ಕೂಡಗಿಯ 2400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಈ ಜಿಲ್ಲೆಯಲ್ಲಿಯೇ ಇವೆ. ಉತ್ಪಾದನಾ ಕೇಂದ್ರ ಹತ್ತಿರವಿದ್ದ ಮಾತ್ರಕ್ಕೆ ಮನೆಯ ವೋಲ್ಟೇಜ್ ಸ್ಥಿರವಾಗಿರುವುದಿಲ್ಲ. ಅದು ಟ್ರಾನ್ಸ್‌ಫಾರ್ಮರಿನಿಂದ ಮನೆಯವರೆಗಿನ ತಂತಿಯ ಉದ್ದ ಮತ್ತು ಆ ತಂತಿಯ ಮೇಲಿನ ಹೊರೆಯನ್ನು ಅವಲಂಬಿಸಿದೆ. ಗೃಹಬಳಕೆಯ ನಿಗದಿತ ವೋಲ್ಟೇಜ್ 230, ಆವರ್ತನ 50 ಹರ್ಟ್ಸ್.

ಹಳೆಯ ಮಾದರಿಯ ಭಾರವಾದ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರಿನಲ್ಲಿ ವೋಲ್ಟೇಜ್ ಕುಸಿದರೆ ದೊರೆಯುವ ಗರಿಷ್ಠ ಶಕ್ತಿಯೂ ಕುಸಿಯುತ್ತದೆ. ಸಕ್ರಿಯ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿರುವ ಸ್ವಿಚ್ ಮಾದರಿಯ ವಿದ್ಯುತ್ ಘಟಕಗಳಲ್ಲಿ ಅನೇಕವು 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುತ್ತವೆ. ಹೀಗಿದೆಯೇ ಎಂಬುದನ್ನು ಹಿಂಬದಿಯ ಫಲಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಆದರೆ ಸಿಡಿಲು ಮತ್ತು ವೋಲ್ಟೇಜಿನ ಹಠಾತ್ ಏರಿಕೆಯಿಂದ ಹಾನಿಗೊಳ್ಳುವ ಸಾಧ್ಯತೆ ಇರುವುದು ಪ್ಲಗ್ಗಿಗೆ ಜೋಡಿಸಿದ ಸಾಧನಗಳಿಗೆ. ನಿಷ್ಕ್ರಿಯ ಜೋಡಣೆಯಲ್ಲಿ ಆಂಪ್ಲಿಫೈಯರ್ ಹಾನಿಗೊಂಡರೂ ಸ್ಪೀಕರ್‌ಗಳು ಬಹುತೇಕ ಉಳಿಯುತ್ತವೆ. ಸಕ್ರಿಯ ಜೋಡಣೆಯಲ್ಲಿ ಎರಡೂ ಪೆಟ್ಟಿಗೆಗಳು ಅಪಾಯಕ್ಕೆ ಒಳಗಾಗುತ್ತವೆ. ಮುಂಗಾರು ಪೂರ್ವದ ಗುಡುಗು ಮಳೆಯ ಸಮಯದಲ್ಲಿ ಪ್ಲಗ್ ಕಿತ್ತಿಡುವುದೇ ಖಚಿತವಾದ ರಕ್ಷಣೆ.

ಇನ್ವರ್ಟರಿನ ಮೇಲೆ ಸ್ಪೀಕರಿನ ಹೊರೆ ಅಲ್ಪ. 12 ವೋಲ್ಟ್, 150 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ 1800 ವ್ಯಾಟ್ ಗಂಟೆಯಷ್ಟು ಶಕ್ತಿ ಇರುತ್ತದೆ. ಇದರಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಿ, ಇನ್ವರ್ಟರಿನ ನಷ್ಟವನ್ನು ಶೇ. 20 ಎಂದು ಕಳೆದರೂ, ಒಟ್ಟು 30 ವ್ಯಾಟ್ ಬಳಸುವ ಜೋಡಿಯನ್ನು 24 ಗಂಟೆ ನಡೆಸಬಹುದು. ಆದರೆ ಚೌಕ ತರಂಗದ ಅಗ್ಗದ ಇನ್ವರ್ಟರ್‌ಗಳಿಂದ ಸ್ಪೀಕರಿನಲ್ಲಿ ಗುಂಯ್‌ಗುಟ್ಟುವ ಸದ್ದು ಬರಬಹುದು. ಶುದ್ಧ ಸೈನ್ ತರಂಗದ ಇನ್ವರ್ಟರಿನಲ್ಲಿ ಈ ತೊಂದರೆ ಕಡಿಮೆ.

ಬಿಸಿ ಮತ್ತು ಧೂಳು

ಬೇಸಿಗೆಯಲ್ಲಿ ಈ ಭಾಗದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ವಿದ್ಯುತ್ ಘಟಕದಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯಸ್ಸು ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಕ್ರಿಯ ಸ್ಪೀಕರಿನಲ್ಲಿ ಈ ಘಟಕಗಳು ಮುಚ್ಚಿದ ಪೆಟ್ಟಿಗೆಯೊಳಗೆ ಇರುವುದರಿಂದ ಹಿಂಬದಿಯಲ್ಲಿ ಗಾಳಿಯಾಡಲು ಜಾಗ ಬಿಡುವುದು ಅವಶ್ಯ. ಗೋಡೆಯ ಗೂಡಿನಲ್ಲಿ ತುರುಕಿ ಇಡುವುದು, ಮೇಲೆ ಬಟ್ಟೆ ಹೊದಿಸಿಯೇ ನುಡಿಸುವುದು ಆಯಸ್ಸನ್ನು ಕಡಿಮೆ ಮಾಡುತ್ತದೆ. ನಿಷ್ಕ್ರಿಯ ಸ್ಪೀಕರಿಗೆ ಇಂತಹ ನಿರ್ಬಂಧವಿಲ್ಲ. ಅದರ ಆಂಪ್ಲಿಫೈಯರನ್ನು ತಂಪಾದ, ಗಾಳಿಯಾಡುವ ಜಾಗದಲ್ಲಿ ಇಟ್ಟರೆ ಸಾಕು. ನುಣುಪಾದ ಧೂಳು ನಿಯಂತ್ರಣ ಗುಬ್ಬಿಗಳೊಳಗೆ ಸೇರಿ ಕರಕರ ಸದ್ದಿಗೆ ಕಾರಣವಾಗುವುದು ಎರಡೂ ವಿಧಗಳಲ್ಲಿ ಸಾಮಾನ್ಯ.

ದುರಸ್ತಿ

ತಾಲ್ಲೂಕು ಕೇಂದ್ರದಲ್ಲಿ ನೆಲೆಸಿದ ಕುಟುಂಬಕ್ಕೆ ದುರಸ್ತಿಯ ಪ್ರಶ್ನೆ ಬೆಲೆಯಷ್ಟೇ ಮಹತ್ತ್ವದ್ದು. ನಿಷ್ಕ್ರಿಯ ಜೋಡಣೆಯಲ್ಲಿ ದೋಷ ಎಲ್ಲಿದೆ ಎಂಬುದನ್ನು ಪತ್ತೆ ಹಚ್ಚುವುದು ಸುಲಭ: ಎಡ ಮತ್ತು ಬಲ ಸ್ಪೀಕರ್‌ಗಳ ತಂತಿಗಳನ್ನು ಆಂಪ್ಲಿಫೈಯರಿನಲ್ಲಿ ಅದಲು ಬದಲು ಮಾಡಿದಾಗ ಮೌನವೂ ಬದಿ ಬದಲಾಯಿಸಿದರೆ ದೋಷವಿರುವುದು ಆಂಪ್ಲಿಫೈಯರಿನಲ್ಲಿ ಅಥವಾ ಅದಕ್ಕೂ ಹಿಂದೆ; ಮೌನ ಅದೇ ಪೆಟ್ಟಿಗೆಯಲ್ಲಿ ಉಳಿದರೆ ದೋಷವಿರುವುದು ಆ ಸ್ಪೀಕರಿನಲ್ಲಿ ಅಥವಾ ಅದರ ತಂತಿಯಲ್ಲಿ. ಕೆಟ್ಟ ಭಾಗವನ್ನು ಮಾತ್ರ ದುರಸ್ತಿಗೆ ಕಳುಹಿಸಬಹುದು ಅಥವಾ ಬದಲಾಯಿಸಬಹುದು. ಸಕ್ರಿಯ ಸ್ಪೀಕರಿನ ಮಂಡಲವು ಆಯಾ ಮಾದರಿಗೇ ವಿಶಿಷ್ಟವಾಗಿದ್ದು, ಡಿಜಿಟಲ್ ಸಂಸ್ಕರಣೆ ಇದ್ದರೆ ಸಾಮಾನ್ಯ ದುರಸ್ತಿಗಾರರಿಗೆ ಅದನ್ನು ಸರಿಪಡಿಸುವುದು ಕಷ್ಟ. ತಯಾರಕರಿಂದಲೇ ಬದಲಿ ಫಲಕ ಬರಬೇಕು. ಕೊಳ್ಳುವ ಮೊದಲೇ ಸೇವಾಕೇಂದ್ರ ಎಲ್ಲಿದೆ, ಭಾರವಾದ ಪೆಟ್ಟಿಗೆಯನ್ನು ಯಾರು ಸಾಗಿಸಬೇಕು, ಖಾತರಿಯ ಅವಧಿ ಎಷ್ಟು ಎಂಬುದನ್ನು ತಿಳಿದುಕೊಳ್ಳುವುದು ಸೂಕ್ತ.

ತಂತಿ ಮತ್ತು ಜೋಡಣೆ

ನಿಷ್ಕ್ರಿಯ ಸ್ಪೀಕರಿನ ತಂತಿಯ ರೋಧವು ಸ್ಪೀಕರಿನ ಪ್ರತಿಬಾಧೆಯ ಶೇ. 5ಕ್ಕಿಂತ ಕಡಿಮೆ ಇರಬೇಕೆಂಬುದು ರೂಢಿಯ ನಿಯಮ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು 10 ಮೀಟರ್ ದೂರ ಎಳೆದರೆ, ಹೋಗಿ ಬರುವ 20 ಮೀಟರಿಗೆ ರೋಧ ಸುಮಾರು 0.24 ಓಮ್. ಇದು 8 ಓಮ್‌ನ ಶೇ. 3 ಮಾತ್ರ, ಶಬ್ದದ ಇಳಿಕೆ ಸುಮಾರು 0.25 ಡೆಸಿಬೆಲ್. ಆದ್ದರಿಂದ ಮನೆಯ ವೈರಿಂಗಿಗೆ ಬಳಸುವಂತಹ ಸಾಮಾನ್ಯ ತಾಮ್ರದ ತಂತಿಯೇ ಸಾಕು, ದುಬಾರಿ ‘ವಿಶೇಷ’ ತಂತಿ ಬೇಕಿಲ್ಲ. ತೆಳುವಾದ 0.5 ಚದರ ಮಿಲಿಮೀಟರಿನ ತಂತಿಯಲ್ಲಿ ಅದೇ ದೂರಕ್ಕೆ ರೋಧವು ಮೂರರಷ್ಟಾಗಿ ಮಿತಿಯನ್ನು ಮೀರುತ್ತದೆ.

ಆಂಪ್ಲಿಫೈಯರಿನ ಫಲಕದಲ್ಲಿ ಬರೆದ ಕನಿಷ್ಠ ಪ್ರತಿಬಾಧೆಗಿಂತ ಕಡಿಮೆಯ ಸ್ಪೀಕರನ್ನು ಜೋಡಿಸಬಾರದು. 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಒಂದೇ ದ್ವಾರಕ್ಕೆ ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. ಜಾತ್ರೆ, ಗುಡಿ ಮತ್ತು ಸಭೆಗಳಲ್ಲಿ ಹಾರ್ನ್‌ಗಳಿಗಾಗಿ ಬಳಸುವ ಆಂಪ್ಲಿಫೈಯರ್‌ಗಳಲ್ಲಿ 100 ವೋಲ್ಟ್ ಎಂದು ಗುರುತಿಸಿದ ದ್ವಾರಗಳಿರುತ್ತವೆ. ಮನೆಯ 8 ಓಮ್‌ನ ಸ್ಪೀಕರನ್ನು ಈ ದ್ವಾರಕ್ಕೆ ನೇರವಾಗಿ ಜೋಡಿಸಬಾರದು. ಪೂರ್ಣ ಸಂಕೇತದಲ್ಲಿ ಅದು ಲೆಕ್ಕದ ಪ್ರಕಾರ 1250 ವ್ಯಾಟ್‌ಗಳ ಹೊರೆಯಾಗುವುದರಿಂದ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಎರಡಕ್ಕೂ ಅಪಾಯ.

ಸಕ್ರಿಯ ಸ್ಪೀಕರಿಗೆ ತೆಳುವಾದ ಸಂಕೇತದ ತಂತಿ ಸಾಕು. ಆದರೆ ಪ್ರತಿ ಪೆಟ್ಟಿಗೆಯ ಬಳಿಯೂ ಪ್ಲಗ್ ಬೇಕು. ದೂರ ಹೆಚ್ಚಿದ್ದರೆ ಸಮತೋಲಿತ ಎಕ್ಸ್‌ಎಲ್‌ಆರ್ ಜೋಡಣೆಯು ಹೊರಗಿನ ಸದ್ದನ್ನು ತಡೆಯುತ್ತದೆ. ಬ್ಲೂಟೂತ್ ಮೂಲಕ ಕೇಳುವಾಗ ಸಂಕೇತವು ಸಾಮಾನ್ಯವಾಗಿ 100 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗುವುದರಿಂದ, ದೂರದರ್ಶನದ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪಬಹುದು. ತಂತಿಯ ಜೋಡಣೆಯಲ್ಲಿ ಈ ತೊಂದರೆ ಇಲ್ಲ.

ಸುರಕ್ಷತೆ

ಎರಡು ಬೇರೆ ಪ್ಲಗ್‌ಗಳಿಂದ ವಿದ್ಯುತ್ ಪಡೆಯುವ ಸಾಧನಗಳನ್ನು ಸಂಕೇತದ ತಂತಿಯಿಂದ ಜೋಡಿಸಿದಾಗ ಭೂಸಂಪರ್ಕದ ಮೂಲಕ ಒಂದು ಸುತ್ತು ಉಂಟಾಗಿ 50 ಹರ್ಟ್ಸ್ ಮತ್ತು ಅದರ ಗುಣಕಗಳ ಗುಂಯ್‌ಕಾರ ಕೇಳಿಸಬಹುದು. ಇದನ್ನು ನಿಲ್ಲಿಸಲು ಮೂರು ಮೊಳೆಯ ಪ್ಲಗ್ಗಿನ ಭೂಸಂಪರ್ಕದ ಮೊಳೆಯನ್ನು ಕತ್ತರಿಸುವುದು ಅಥವಾ ಆ ತಂತಿಯನ್ನು ಬಿಚ್ಚುವುದು ಪ್ರಾಣಾಪಾಯಕಾರಿ. ಸಾಧನದ ಒಳಗೆ ದೋಷ ಉಂಟಾದಾಗ ಅದರ ಲೋಹದ ಭಾಗದಲ್ಲಿ 230 ವೋಲ್ಟ್ ಬರುವುದನ್ನು ತಡೆಯುವುದು ಅದೇ ತಂತಿ. ಎಲ್ಲ ಸಾಧನಗಳನ್ನೂ ಒಂದೇ ವಿಸ್ತರಣಾ ಫಲಕಕ್ಕೆ ಜೋಡಿಸುವುದು, ಸಂಕೇತದ ತಂತಿಯಲ್ಲಿ ಪ್ರತ್ಯೇಕಕಾರಿ ಟ್ರಾನ್ಸ್‌ಫಾರ್ಮರ್ ಬಳಸುವುದು ಅಥವಾ ಸಮತೋಲಿತ ಜೋಡಣೆಗೆ ಬದಲಾಗುವುದು ಸರಿಯಾದ ಪರಿಹಾರಗಳು. ಮನೆಯ ಭೂಸಂಪರ್ಕವೇ ಸರಿಯಿಲ್ಲವೆಂಬ ಸಂದೇಹವಿದ್ದರೆ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸಬೇಕು. ಕಪ್ಪು ನೆಲದಲ್ಲಿ ಬೇಸಿಗೆಯ ಬಿರುಕುಗಳಿಂದ ಮಣ್ಣು ಒಣಗಿದಾಗ ಭೂಸಂಪರ್ಕದ ರೋಧ ಹೆಚ್ಚುವುದರಿಂದ ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡುವುದು ಹೆಚ್ಚು ಉಪಯುಕ್ತ.

ಶ್ರವಣ ಮತ್ತು ಕಾನೂನು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆಗಳವರೆಗೆ 80 ಡೆಸಿಬೆಲ್ ಮಟ್ಟದಲ್ಲಿ ಕೇಳುವುದು ಸುರಕ್ಷಿತ ಮಿತಿ. ಮಟ್ಟ ಏರಿದಂತೆ ಸುರಕ್ಷಿತ ಅವಧಿ ವೇಗವಾಗಿ ಇಳಿಯುತ್ತದೆ. ಭಾರತದಲ್ಲಿ 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ನಿಗದಿಪಡಿಸಿವೆ. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ. ಖಾಸಗಿ ಸ್ಥಳದ ಧ್ವನಿವ್ಯವಸ್ಥೆಯ ಶಬ್ದವು ಆ ಸ್ಥಳದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಸಾಲುಮನೆಗಳ ಓಣಿಯಲ್ಲಿ ಸಬ್‌ವೂಫರಿನ ತಗ್ಗು ಸ್ವರಗಳು ಗೋಡೆಯನ್ನು ಸುಲಭವಾಗಿ ದಾಟುವುದರಿಂದ ನೆರೆಯವರಿಗೆ ಹೆಚ್ಚು ತೊಂದರೆ ಕೊಡುವುದು ಅವೇ.

ಆಯ್ಕೆಯ ಮಾನದಂಡಗಳು

ಮೇಲಿನ ಅಂಶಗಳಿಂದ ಕೆಳಗಿನ ಸಾಮಾನ್ಯ ನಿರ್ಣಯಗಳಿಗೆ ಬರಬಹುದು:

- ಹೊಸದಾಗಿ ಕೊಳ್ಳುವವರು, ಒಂದೇ ಚಿಕ್ಕ ಅಥವಾ ಮಧ್ಯಮ ಕೋಣೆಯಲ್ಲಿ ಫೋನ್, ಕಂಪ್ಯೂಟರ್ ಅಥವಾ ದೂರದರ್ಶನದಿಂದ ಕೇಳುವುದಾದರೆ ಸಕ್ರಿಯ ಅಥವಾ ಪವರ್ಡ್ ಜೋಡಿ ಸರಳವೂ ಮಿತವ್ಯಯದ್ದೂ ಆಗಿರುತ್ತದೆ.
- ಮಾತಿನ ಸ್ಪಷ್ಟತೆಯೇ ಮುಖ್ಯವಾಗಿದ್ದರೆ ಪ್ರತಿ ಡ್ರೈವರಿಗೂ ಪ್ರತ್ಯೇಕ ಆಂಪ್ಲಿಫೈಯರ್ ಇರುವ ನಿಜವಾದ ಸಕ್ರಿಯ ಸ್ಪೀಕರಿಗೆ ಆದ್ಯತೆ ನೀಡಬಹುದು.
- ಮನೆಯಲ್ಲಿ ಈಗಾಗಲೇ ಸುಸ್ಥಿತಿಯ ಆಂಪ್ಲಿಫೈಯರ್ ಇದ್ದರೆ ಅದಕ್ಕೆ ಹೊಂದುವ ನಿಷ್ಕ್ರಿಯ ಸ್ಪೀಕರ್ ಕೊಳ್ಳುವುದು ಲಾಭಕರ.
- ಸೇವಾಕೇಂದ್ರ ದೂರವಿದ್ದು, ಜೋಡಣೆಯು ಹತ್ತು ಹದಿನೈದು ವರ್ಷ ಬಾಳಬೇಕೆಂಬ ಅಪೇಕ್ಷೆಯಿದ್ದರೆ ನಿಷ್ಕ್ರಿಯ ಸ್ಪೀಕರ್ ಹೆಚ್ಚು ಭರವಸೆಯದು.
- ವೋಲ್ಟೇಜ್ ಏರಿಳಿತ ಹೆಚ್ಚಿರುವ ಕಡೆ ವ್ಯಾಪಕ ವೋಲ್ಟೇಜ್ ಸ್ವೀಕರಿಸುವ ಮಾದರಿಯನ್ನೇ ಆರಿಸಿ, ಅದಕ್ಕೆ ಏರಿಕೆ ತಡೆಯುವ ಸಾಧನವನ್ನು ಜೋಡಿಸಬೇಕು.
- ಸ್ಪೀಕರ್ ಇಡುವ ಜಾಗದಲ್ಲಿ ಪ್ಲಗ್ ಇಲ್ಲದಿದ್ದರೆ ನಿಷ್ಕ್ರಿಯ ಸ್ಪೀಕರಿಗೆ ತಂತಿ ಎಳೆಯುವುದು ಹೊಸ ವೈರಿಂಗಿಗಿಂತ ಸುಲಭ.

ಬೆಲೆಯನ್ನು ಹೋಲಿಸುವಾಗ ನಿಷ್ಕ್ರಿಯ ಸ್ಪೀಕರಿನ ಬೆಲೆಗೆ ಆಂಪ್ಲಿಫೈಯರ್ ಮತ್ತು ತಂತಿಯ ಬೆಲೆಯನ್ನು ಸೇರಿಸಿಯೇ ಸಕ್ರಿಯ ಜೋಡಿಯ ಬೆಲೆಯೊಂದಿಗೆ ತೂಗಿ ನೋಡಬೇಕು. ಕೊಳ್ಳುವ ಮೊದಲು ಚಿರಪರಿಚಿತವಾದ ಒಂದು ಧ್ವನಿಮುದ್ರಣವನ್ನು, ಸಾಧ್ಯವಾದರೆ ಪಕ್ಕವಾದ್ಯವಿಲ್ಲದ ಮಾತು ಅಥವಾ ಹಾಡನ್ನು, ಎರಡರಲ್ಲಿಯೂ ಒಂದೇ ಮಟ್ಟದ ಶಬ್ದದಲ್ಲಿ ಕೇಳಿ ಹೋಲಿಸುವುದು ಉತ್ತಮ. ಸ್ವಲ್ಪ ಜೋರಾಗಿರುವುದೇ ಉತ್ತಮವೆಂದು ಕಿವಿಗೆ ತೋರುವುದರಿಂದ ಮಟ್ಟವನ್ನು ಸಮಗೊಳಿಸದ ಹೋಲಿಕೆ ದಾರಿ ತಪ್ಪಿಸುತ್ತದೆ.

ವಿಲೇವಾರಿ

ಕೆಟ್ಟುಹೋದ ಸ್ಪೀಕರ್ ಮತ್ತು ಆಂಪ್ಲಿಫೈಯರ್‌ಗಳಲ್ಲಿ ತಾಮ್ರ, ಅಯಸ್ಕಾಂತ, ಬೆಸುಗೆಯ ಲೋಹ ಮತ್ತು ಪ್ಲಾಸ್ಟಿಕ್ ಇರುತ್ತವೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿಯಮಗಳು ವಿದ್ಯುನ್ಮಾನ ಸಾಧನಗಳ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ತಂತಿಯ ತಾಮ್ರಕ್ಕಾಗಿ ಇವುಗಳನ್ನು ಬಯಲಿನಲ್ಲಿ ಸುಡುವುದರಿಂದ ವಿಷಕಾರಿ ಹೊಗೆ ಹರಡುತ್ತದೆ. ನಿಷ್ಕ್ರಿಯ ಸ್ಪೀಕರಿನ ಪೆಟ್ಟಿಗೆ ಮತ್ತು ಡ್ರೈವರ್‌ಗಳನ್ನು ಬೇರೆ ಆಂಪ್ಲಿಫೈಯರಿನೊಂದಿಗೆ ಮತ್ತೆ ಬಳಸಬಹುದು. ಸಕ್ರಿಯ ಸ್ಪೀಕರಿನ ಫಲಕ ಪೂರ್ಣವಾಗಿ ಕೆಟ್ಟಾಗಲೂ ಅದರ ಡ್ರೈವರ್‌ಗಳು ಸುಸ್ಥಿತಿಯಲ್ಲಿದ್ದರೆ, ತಕ್ಕ ಕ್ರಾಸ್‌ಓವರ್ ಅಳವಡಿಸಿ ಅದನ್ನು ನಿಷ್ಕ್ರಿಯ ಸ್ಪೀಕರಾಗಿ ಪರಿವರ್ತಿಸಲು ಸಾಧ್ಯವಿದೆ.